ಕಲ್ಲ ದಾನಶಾಲೆಯೂ ಏಲಿನ ಮನೆಯೂ

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಜಿನನಾಥಪುರಕ್ಕೆ ಹೋಗುವುದಿಲ್ಲ. ದೊಡ್ಡಬೆಟ್ಟವನ್ನು ಹತ್ತಿ ಇಳಿಯುವಷ್ಟರಲ್ಲಿ ಕಾಲು ಸೋತಿರುತ್ತದೆ. ಚಿಕ್ಕಬೆಟ್ಟವನ್ನು ನೋಡುವುದೋ ಬಿಡುವುದೋ ಎಂಬ ಚರ್ಚೆ ನಡೆದಿರುತ್ತದೆ. ಅದರಾಚೆ ಉತ್ತರಕ್ಕೆ ಒಂದು ಮೈಲಿ ದೂರದಲ್ಲಿರುವ ಹಳ್ಳಿಯ ನೆನಪು ಯಾರಿಗೆ ಬರಬೇಕು? ಹೋದ ಕೆಲವರು ಶಾಂತಿನಾಥ ಬಸದಿಯ ಹೊರಗೋಡೆಯನ್ನು ನೋಡಿ ಬೆರಗಾಗಿ ಹಿಂದಿರುಗುತ್ತಾರೆ. ಬೆಳಗೊಳದ ಸುತ್ತಿನ ಬಸದಿಗಳ ಗೋಡೆ ಸಾಮಾನ್ಯವಾಗಿ ಸಾದಾ. ಇಲ್ಲಿ ಮಾತ್ರ ಜಿನರು, ಯಕ್ಷಯಕ್ಷಿಯರು, ಕುಣಿಯುವವರು, ವಾದ್ಯ ನುಡಿಸುವವರು ಗೋಡೆಯ ತುಂಬ ನೆರೆದಿದ್ದಾರೆ. ಸುಮಾರು 1200ರಲ್ಲಿ ರೇಚಣ ದಂಡನಾಯಕ ಕಟ್ಟಿಸಿದ ಈ ಬಸದಿಯನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಅದೇ ಊರಿನ ಇನ್ನೊಂದು ಕಟ್ಟಡದ ವಿಷಯ. ಅದು ಹಸಿದವರಿಗಾಗಿ ಕಟ್ಟಿಸಿದ್ದು.

ಆ ಕಟ್ಟಡದ ಸುದ್ದಿ ಸಿಕ್ಕುವುದು ಜಿನನಾಥಪುರದಲ್ಲಲ್ಲ, ಚಿಕ್ಕಬೆಟ್ಟದ ಮಹಾನವಮಿ ಮಂಟಪದ ಶಾಸನದಲ್ಲಿ. ಲೂಯಿ ರೈಸ್ ಅವರು 1889ರಲ್ಲಿ ಪ್ರಕಟಿಸಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಬೆಳಗೊಳದ ಶಾಸನಸಂಪುಟದಲ್ಲಿ ಅದನ್ನು ಓದಬಹುದು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುಮಾರು 1117ರಲ್ಲಿ ಜಿನನಾಥಪುರವನ್ನು ನೆಲೆಗೊಳಿಸಿದ. ಅದಾಗಿ ಅರ್ಧ ಶತಮಾನ ತುಂಬುವ ಮೊದಲೇ, 1163ರಲ್ಲಿ, ದೇವಕೀರ್ತಿ ಪಂಡಿತನೆಂಬ ಆಚಾರ್ಯ ತೀರಿಕೊಂಡ. ಅವನ ನೆನಪಿಗೆ ನಿಸಿದಿಯನ್ನು ನಿಲ್ಲಿಸಿದವನು ಹೊಯ್ಸಳರ ಭಂಡಾರಿ ಹುಳ್ಳ. ಬೆಳಗೊಳದ ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದವನೂ ಇವನೇ. ಸತ್ತ ಆಚಾರ್ಯನನ್ನು ಹೊಗಳುವಾಗ ಶಾಸನಕವಿಗಳು ಅವನ ತರ್ಕವನ್ನೂ ವಾದದಲ್ಲಿ ಅವನು ಗೆದ್ದವರನ್ನೂ ಹೇಳುವುದು ವಾಡಿಕೆ. ಇಲ್ಲಿ ಅದರ ಜೊತೆಗೆ ಇನ್ನೊಂದು ಮಾತು ಬರುತ್ತದೆ: ಈ ಪಂಡಿತ ಜಿನನಾಥಪುರದಲ್ಲಿ ಕಲ್ಲ ದಾನಶಾಲೆಯನ್ನು ಮಾಡಿಸಿದ್ದ.

'ಕಲ್ಲ' ಎಂಬ ಮಾತನ್ನು ಸುಮ್ಮನೆ ಹಾಯ್ದುಹೋಗಬಾರದು. ಆ ಕಾಲದಲ್ಲಿ ಕಲ್ಲಿನ ಮನೆ ದೇವರಿಗೆ. ಮನುಷ್ಯರು, ಬಹುಮಟ್ಟಿಗೆ ಅರಸರೂ ಸಹ, ಮಣ್ಣು ಮರಗಳಲ್ಲಿ ಬಾಳುತ್ತಿದ್ದರು. ಅನ್ನವಿಕ್ಕುವ ಚಾವಡಿಯನ್ನು ಕಲ್ಲಿನಲ್ಲಿ ಕಟ್ಟಿಸಿದವನು ತನ್ನ ಕಾಲಾನಂತರವೂ ಒಲೆ ಆರದಿರಲಿ ಎಂದು ಬಯಸಿದ್ದನೆಂದೇ ಹೇಳಬೇಕು. ಉಂಡವರು ಯಾರು? ದಿಗಂಬರ ಮುನಿಗಳಂತೂ ಅಲ್ಲ. ಅವರು ಹಗಲಿನಲ್ಲಿ ಒಂದು ಸಲ, ಶ್ರಾವಕರು ಕೊಟ್ಟದ್ದನ್ನು ನಿಂತು ಅಂಗೈಯಲ್ಲಿ ಸ್ವೀಕರಿಸುವವರು. ಆದ್ದರಿಂದ ಶಾಲೆಯಲ್ಲಿ ಕುಳಿತು ಉಂಡವರು ಯಾತ್ರಿಕರು, ಓದುವ ಹುಡುಗರು, ಬಡವರು ಎಂದುಕೊಳ್ಳುವುದೇ ಸರಿ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಆಹಾರಕ್ಕೆ ಮೊದಲ ಸ್ಥಾನ ಸಿಕ್ಕಿರುವುದು ಸುಮ್ಮನೆ ಅಲ್ಲ.

ಈ ದಾನಶಾಲೆ ನನಗೆ ಬಲವಾಗಿ ನೆನಪಾದದ್ದು ಇಂಗ್ಲೆಂಡಿನ ಒಂದು ಹಳ್ಳಿಯ ಪಬ್ಬಿನಲ್ಲಿ ಎಂದರೆ ಮಡಿವಂತ ಓದುಗರು ಮುಖ ಸಿಂಡರಿಸಬಹುದು. ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟವರ ಊರೆಲ್ಲಿ, ಪೀಪಾಯಿಗಳ ನಡುವೆ ಬಾಗಿಲು ತೆರೆಯುವ ಈ ಮನೆಯೆಲ್ಲಿ! ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಹ್ಯಾಂಪ್‌ಷೈರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ನಮ್ಮ ಭಾವಮೈದುನ ಮಿತಭಾಷಿ. ಆದರೆ ಹಳ್ಳಿಯ ಪಬ್ಬಿನ ಮಾತು ಬಂದರೆ ಮಾತ್ರ ಹರಿಕಥೆದಾಸರಾಗುತ್ತಾರೆ. "ಬನ್ನಿ ಭಾವ, ನಿಮ್ಮ ಶಾಸನಗಳಷ್ಟೇ ಹಳೆಯದನ್ನು ತೋರಿಸುತ್ತೇನೆ" ಎಂದು ಕರೆದೊಯ್ದರು. ಅಷ್ಟು ಹಳೆಯದೇನೂ ಆಗಿರಲಿಲ್ಲ ಎನ್ನಿ. ತಲೆ ತಗ್ಗಿಸಿ ಒಳಹೋಗಬೇಕಾದ ಬಾಗಿಲು, ಹೊಗೆ ಹಿಡಿದು ಕಪ್ಪಾದ ತೊಲೆಗಳು, ಬೇಸಗೆಯಾದ್ದರಿಂದ ಬರಿದಾಗಿದ್ದ ದೊಡ್ಡ ಅಗ್ಗಿಷ್ಟಿಕೆ, ಅದರ ಮುಂದೆ ಒಂದು ಮುದಿ ನಾಯಿ. ಯಾರೂ ಅವಸರ ಮಾಡಲಿಲ್ಲ; ಒಂದು ಲೋಟ ಹಿಡಿದು ಎರಡು ಗಂಟೆ ಕುಳಿತವರನ್ನು ಏಳಿ ಎನ್ನುವವರೂ ಇರಲಿಲ್ಲ.

ಅಲ್ಲಿಯ ಏಲನ್ನು ನಮ್ಮ ಬಾರುಗಳ ಮಂಜುಗಟ್ಟಿದ ಬೀರಿನೊಡನೆ ಹೋಲಿಸಲಾಗದು. ನೆಲಮಾಳಿಗೆಯ ಪೀಪಾಯಿಯಲ್ಲಿ ಹುದುಗು ಇನ್ನೂ ಜೀವಂತವಾಗಿದ್ದು, ಪಾನೀಯ ಅಲ್ಲೇ ಪಕ್ವವಾಗುತ್ತಿರುತ್ತದೆ. ಕಟ್ಟೆಯ ಮೇಲಿನ ಹಿಡಿಯನ್ನು ಎಳೆದು ಕೈಪಂಪಿನಿಂದ ಮೇಲಕ್ಕೆತ್ತುತ್ತಾರೆ. ತಂಪು ಬಾವಿಯ ನೀರಿನಷ್ಟೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ ಮಾಡುವುದರಿಂದ ನಮ್ಮ ಮೊಳಕೆರಾಗಿಯನ್ನು ಹುರಿದಾಗ ಬರುವ ವಾಸನೆಯೇ ಅದರಲ್ಲಿಯೂ ಇತ್ತು. ಅರ್ಧ ಪೈಂಟು ಕುಡಿದೆನೆಂದು ಬರೆಯಲು ನನಗೆ ಸಂಕೋಚವಿಲ್ಲ, ಮನೆಯವರಿಗೆ ಗೊತ್ತಿದೆ. ಊಟಕ್ಕೆ ದಪ್ಪ ರೊಟ್ಟಿ, ಗಿಣ್ಣಿನಂಥ ಚೀಸಿನ ಗಟ್ಟಿ ತುಂಡು, ಹುಳಿಯಲ್ಲಿ ನೆನೆದ ಈರುಳ್ಳಿ. 'ಉಳುವವನ ಊಟ' ಎಂದು ಅದರ ಹೆಸರು. ಹೊಲದಲ್ಲಿ ರೊಟ್ಟಿ ಚೀಸು ತಿನ್ನುವುದು ಅಲ್ಲಿ ಪುರಾತನವಾದರೂ, ಆ ಹೆಸರು ಊರೂರಿಗೆ ಹರಡಿದ್ದು 1950-60ರ ದಶಕಗಳಲ್ಲಿ, ಚೀಸಿನ ಮಾರಾಟ ಹೆಚ್ಚಿಸಲು ಹೊರಟ ಸಂಸ್ಥೆಗಳ ಪ್ರಚಾರದಿಂದ. ಪರಂಪರೆಯ ಹೆಸರಿನಲ್ಲಿ ಜಾಹೀರಾತು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಏನೇ ಇರಲಿ, ರುಚಿಯಾಗಿತ್ತು. ಜಿನನಾಥಪುರದ ಶಾಲೆಯಲ್ಲಾದರೆ ಆ ಈರುಳ್ಳಿಯೂ ನಿಷಿದ್ಧವೇ.

ಮಾರನೆಯ ದಿನ ವಿಂಚೆಸ್ಟರಿಗೆ ಹೋದೆವು. ಆ ಊರಿಂದ ದಕ್ಷಿಣಕ್ಕೆ ಹೊಳೆಯ ಬಯಲಿನಲ್ಲಿ ಒಂದು ಮೈಲಿ ನಡೆದರೆ ಸೇಂಟ್ ಕ್ರಾಸ್ ಎಂಬ ಧರ್ಮಶಾಲೆ. ಬಿಷಪ್ ಹೆನ್ರಿ 1130ರ ದಶಕದಲ್ಲಿ ಅದನ್ನು ಸ್ಥಾಪಿಸಿದ. ಇಂಗ್ಲೆಂಡಿನ ದೊರೆ ಸ್ಟೀಫನನ ತಮ್ಮ ಅವನು. ಹದಿಮೂರು ಜನ ಬಡ ಮುದುಕರಿಗೆ ಅಲ್ಲಿಯೇ ವಾಸ, ದಿನವೂ ನೂರು ಜನ ಬಡವರಿಗೆ ಊಟ ಎಂಬುದು ಅವನ ಕಟ್ಟಳೆ. ಬಾಗಿಲಿಗೆ ಬಂದು ಕೇಳಿದ ದಾರಿಹೋಕನಿಗೆ ಒಂದು ತುಂಡು ರೊಟ್ಟಿ, ಒಂದು ಕೊಂಬಿನ ಬಟ್ಟಲು ಏಲು ಕೊಡುವ ಪದ್ಧತಿ ಇಂದಿಗೂ ಇದೆ. ಕೇಳಿದರೆ ಮಾತ್ರ ಕೊಡುತ್ತಾರೆ. ನಾನು ಕೇಳಿದೆ. ಬಟ್ಟಲು ನಮ್ಮ ತೀರ್ಥದ ಬಟ್ಟಲಿಗಿಂತ ಸ್ವಲ್ಪ ದೊಡ್ಡದು, ರೊಟ್ಟಿ ಎರಡು ತುತ್ತು. ಆದರೆ ಅದನ್ನು ಹಿಡಿದು ನಿಂತಾಗ ಚಿಕ್ಕಬೆಟ್ಟದ ಶಾಸನ ಕಣ್ಣಮುಂದೆ ಬಂತು. ವಿಂಚೆಸ್ಟರಿನಲ್ಲಿ ಈ ಬಾಗಿಲು ತೆರೆದ ತಲೆಮಾರಿನ ಆಸುಪಾಸಿನಲ್ಲೇ ಜಿನನಾಥಪುರದಲ್ಲಿ ಆ ಕಲ್ಲ ಶಾಲೆಯೂ ಎದ್ದಿತ್ತು. ಒಬ್ಬರಿಗೊಬ್ಬರ ಹೆಸರು ಗೊತ್ತಿಲ್ಲದ ಇಬ್ಬರು ಧರ್ಮಾಧಿಕಾರಿಗಳು, ಒಂದೇ ಶತಮಾನದಲ್ಲಿ, ಊರಿಂದ ಒಂದೊಂದು ಮೈಲಿ ಆಚೆ, ಹಾದಿಯಲ್ಲಿ ಬರುವವನ ಹಸಿವೆಯನ್ನು ನೆನೆದಿದ್ದರು.

ಇಂಗ್ಲೆಂಡಿನ ಪಬ್ಬಿಗೆ ಎರಡು ಬೇರುಗಳಿವೆ. ಅದರಲ್ಲಿ ಒಂದು ಇದು. ಬೆನೆಡಿಕ್ಟನ ನಿಯಮದಂತೆ ಮಠಕ್ಕೆ ಬಂದ ಅತಿಥಿಯನ್ನು ಕ್ರಿಸ್ತನೆಂದೇ ಎಣಿಸಬೇಕು. ಯಾತ್ರಿಕರು ಹೆಚ್ಚಿದಾಗ ಮಠಗಳೇ ವಸತಿಗೃಹಗಳನ್ನು ಕಟ್ಟಿಸಿದವು. ಎರಡನೆಯ ಎಡ್ವರ್ಡನ ಸಮಾಧಿಗೆ ಬರುವವರಿಗಾಗಿ ಗ್ಲಾಸ್ಟರಿನ ಮಠ ಸುಮಾರು 1450ರಲ್ಲಿ ಕಟ್ಟಿಸಿದ 'ಹೊಸ ಛತ್ರ' ಈಗಲೂ ಆ ಹೆಸರಿನಲ್ಲೇ ನಿಂತಿದೆ. ಇನ್ನೊಂದು ಬೇರು ಹೆಂಗಸರ ಅಡಿಗೆಮನೆ. ಏಲು ಕಾಸುತ್ತಿದ್ದವರು ಹೆಚ್ಚಾಗಿ ಹಳ್ಳಿಯ ಗೃಹಿಣಿಯರು, ವಿಧವೆಯರು. ಹೊಸ ಏಲು ಸಿದ್ಧವಾದಾಗ ಬಾಗಿಲ ಮುಂದೆ ಗಳುವೊಂದಕ್ಕೆ ಸೊಪ್ಪು ಕಟ್ಟಿ ನಿಲ್ಲಿಸಿದರೆ ನೆರೆಹೊರೆಯವರು ಬಂದು ಕೊಳ್ಳುತ್ತಿದ್ದರು. ರೊಟ್ಟಿ ಏಲುಗಳ ಬೆಲೆಯನ್ನೂ ಗುಣವನ್ನೂ ಕಟ್ಟುಮಾಡುವ ಶಾಸನ 1266ರ ಸುಮಾರಿಗೆ ಬಂತು. ರುಚಿ ನೋಡಿ ಹೇಳಲೆಂದೇ ಊರಿಗೊಬ್ಬ ಅಧಿಕಾರಿ! ಎರಡನೆಯ ರಿಚರ್ಡನ ಕಾಲದಲ್ಲಿ, 1393ರಲ್ಲಿ, ಏಲು ಮಾರುವ ಮನೆ ಗುರುತಿನ ಫಲಕ ತೂಗುಹಾಕಬೇಕೆಂದು ಆಜ್ಞೆಯಾಯಿತು. ಓದು ಬಾರದವರಿಗೂ ತಿಳಿಯಲೆಂದು ಬರೆದ ಸಿಂಹ, ಜಿಂಕೆ, ಕಿರೀಟಗಳೇ ಕ್ರಮೇಣ ಮನೆಗಳ ಹೆಸರಾದವು. ಹಾಪ್ ಎಂಬ ಬಳ್ಳಿಯ ಹೂ ಹಾಕಿ ಕಹಿಮಾಡಿದ ಬೀರು ಸಮುದ್ರದಾಚೆಯಿಂದ ಬಂದು ಬೇರೂರಿದ್ದು ಹದಿನೈದನೆಯ ಶತಮಾನದಲ್ಲಿ.

ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡ. ಸೇಂಟ್ ಕ್ರಾಸಿನಂಥ ಒಂದೆರಡು ಕಡೆ ಬಿಟ್ಟರೆ, ದಾರಿಹೋಕನಿಗೆ ಕೇಳಿದ ಕೂಡಲೆ ಸಿಕ್ಕುತ್ತಿದ್ದ ರೊಟ್ಟಿ ಅಲ್ಲಿಗೆ ನಿಂತಿತು. ದಾನವಾಗಿದ್ದ ಆತಿಥ್ಯವೆಲ್ಲ ವ್ಯಾಪಾರವಾಯಿತು. ಮುಂದೆ 1830ರ ಕಾಯಿದೆಯಂತೆ ಎರಡು ಗಿನಿ ಕಟ್ಟಿದ ಯಾವ ತೆರಿಗೆದಾರನಾದರೂ ತನ್ನ ಮನೆಯಲ್ಲೇ ಬೀರು ಮಾರಬಹುದಾಯಿತು. ಜನ ಜಿನ್ನಿನ ಚಟ ಬಿಡಲೆಂಬುದು ಸರ್ಕಾರದ ಉದ್ದೇಶಗಳಲ್ಲಿ ಒಂದು.

ನಮ್ಮಲ್ಲಿ ಹೀಗಾಗಲಿಲ್ಲ. ದಾನಶಾಲೆ, ಛತ್ರ, ಅರವಟ್ಟಿಗೆ ಇವೆಲ್ಲ ದತ್ತಿಯ ನೆಲದಿಂದ ಬದುಕಿದವು. ಅನ್ನವನ್ನು ಮಾರುವುದು ಹೀನವೆಂಬ ಭಾವನೆ ಬಹುಕಾಲ ಉಳಿಯಿತು. ಹೆಂಡವೋ, ಊರಾಚೆ ಈಚಲುವನದ ಅಂಚಿಗೆ ಹೋಯಿತು. ನಮಗೆ ಕುಡಿತ ಗೊತ್ತೇ ಇರಲಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ಜೈನನಾದ ಪಂಪನೇ 941ರ ಸುಮಾರಿಗೆ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯನ್ನು ಚಪ್ಪರಿಸುವಂತೆ ವರ್ಣಿಸಿದ್ದಾನೆ. ಸಾವಿರ ವರ್ಷದ ಮೇಲೆ ಬೌದ್ಧ ಜೈನ ಸಾಹಿತ್ಯಗಳ ವಿದ್ವಾಂಸರಾದ ಜಿ.ಪಿ. ರಾಜರತ್ನಂ ಅವರೇ ಕುಡುಕ ರತ್ನನಿಗೆ ಬಾಯಿ ಕೊಟ್ಟರು. ಆದರೆ ಅನ್ನದ ಮನೆ, ಹೆಂಡದ ಮನೆ ಒಂದೇ ಸೂರಿನಡಿ ಬರಲಿಲ್ಲ. ಬರದಿದ್ದದ್ದು ಒಳ್ಳೆಯದೇ ಆಯಿತೆನ್ನುವವರು ಬಹಳ ಮಂದಿ. ಕುಡಿತದಿಂದ ಹಾಳಾದ ಮನೆಗಳನ್ನು ನೋಡಿದವನಾಗಿ ನಾನೂ ಅದನ್ನು ಅಲ್ಲಗಳೆಯಲಾರೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಯಾರ ಪಕ್ಕದಲ್ಲಿ ಯಾರು ಕುಳಿತರು? ದೇವಕೀರ್ತಿ ತೀರಿಕೊಂಡ 1163ರಲ್ಲಿ ಕಲ್ಯಾಣದಲ್ಲಿ ಕಳಚುರಿ ಬಿಜ್ಜಳನ ಆಳ್ವಿಕೆ. ಬಸವಣ್ಣನವರ ಸಮಕಾಲೀನರಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ. ಧರ್ಮೇಶ್ವರಲಿಂಗ ಎಂಬುದು ಅವನ ಅಂಕಿತ. ಹೆಂಡ ಮಾರುವುದೇ ಅವನ ಕಾಯಕ; ಅಂಗಡಿಯ ಮಾತುಗಳಲ್ಲೇ ಅವನು ಅಧ್ಯಾತ್ಮವನ್ನು ಹೇಳಿದ. ಜಿನನಾಥಪುರದ ಬಸದಿಯನ್ನು ಕಟ್ಟಿಸಿದ ರೇಚಣ, ಹೊಯ್ಸಳ ಬಲ್ಲಾಳನ ಬಳಿಗೆ ಬರುವ ಮೊದಲು ಅದೇ ಕಳಚುರಿಗಳ ದಂಡನಾಯಕನಾಗಿದ್ದ. ಹೆಂಡ ಮಾರುವವನನ್ನು ಅಯ್ಯನೆಂದು ಕರೆದು ಪಂಕ್ತಿಯಲ್ಲಿ ಕೂರಿಸಿಕೊಂಡ ಪ್ರಯತ್ನವೊಂದು ಆ ರಾಜ್ಯದಲ್ಲಿ ನಡೆದಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ನಮ್ಮ ಛತ್ರಗಳು ಅನ್ನವನ್ನು ಪುಕ್ಕಟೆ ಕೊಟ್ಟವು. ಎಲೆ ಹಾಕುವ ಮೊದಲು ಬಂದವನ ಜಾತಿ ಕೇಳಿದವು. ಹೆಂಡದಂಗಡಿ ಯಾರನ್ನೂ ಕೇಳಲಿಲ್ಲ. ಆದರೆ ಅಲ್ಲಿ ಕುಳಿತವನಿಗೆ ಊರೊಳಗೆ ಮರ್ಯಾದೆ ಉಳಿಯಲಿಲ್ಲ.

ಇಂಗ್ಲೆಂಡಿನ ಪಬ್ಬನ್ನು ಸಮಾನತೆಯ ಗುಡಿ ಎನ್ನಲು ಹೋಗುವುದಿಲ್ಲ. ಅಲ್ಲಿಯೂ ಮರದ ಅಡ್ಡಗೋಡೆ ಇಟ್ಟು ಕೂಲಿಯವರಿಗೊಂದು ಕೋಣೆ, ದೊಡ್ಡ ಮನುಷ್ಯರಿಗೊಂದು ಕೋಣೆ ಮಾಡಿದ್ದರು. ದೊಡ್ಡವರ ಕೋಣೆಯಲ್ಲಿ ಅದೇ ಏಲಿಗೆ ಬೆಲೆ ಸ್ವಲ್ಪ ಹೆಚ್ಚು. ನಮ್ಮವರು ದುಡಿಯಲು ಹೋದಾಗ ಕಪ್ಪು ಕಂದು ಬಣ್ಣದವರಿಗೆ ಲೋಟ ಕೊಡದ ಪಬ್ಬುಗಳೂ ಇದ್ದವು. ಅದು ಕಾನೂನಿಗೆ ವಿರುದ್ಧವಾದದ್ದು 1965ರಲ್ಲಿ. ನಮ್ಮಲ್ಲಿ ಹೋಟೆಲು, ಛತ್ರಗಳ ಬಾಗಿಲಲ್ಲಿ ಅಸ್ಪೃಶ್ಯತೆಯ ಹೆಸರಿನಲ್ಲಿ ತಡೆಯುವುದನ್ನು ಅಪರಾಧವೆಂದು ಸಾರಿದ ಕಾಯಿದೆ ಅದಕ್ಕಿಂತ ಹತ್ತು ವರ್ಷ ಮೊದಲೇ, 1955ರಲ್ಲಿ ಬಂದಿತ್ತು. ಇನ್ನು ಆಂಗ್ಲರು ನಮ್ಮ ದೇಶಕ್ಕೆ ತಂದದ್ದಾದರೂ ಏನನ್ನು? ಇದೇ ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ಕಾಫಿತೋಟದ ದೊರೆಗಳು 1893ರಲ್ಲಿ ಸ್ಥಾಪಿಸಿಕೊಂಡದ್ದು ಮಂಜರಾಬಾದ್ ಕ್ಲಬ್ಬನ್ನು. ಹಳ್ಳಿಯ ಪಬ್ಬಿಗೆ ದಾರಿಹೋಕ ನುಗ್ಗಬಹುದು. ಕ್ಲಬ್ಬಿಗೆ ಸದಸ್ಯನೇ ಆಗಬೇಕು. ತಮ್ಮ ಊರಿನಲ್ಲಿ ತೆರೆದಿದ್ದ ಬಾಗಿಲನ್ನು ಅವರು ಹಡಗು ಹತ್ತುವಾಗ ಅಲ್ಲಿಯೇ ಬಿಟ್ಟುಬಂದರು.

ಆ ಹಳ್ಳಿಯ ಪಬ್ಬುಗಳೂ ಈಗ ಒಂದೊಂದಾಗಿ ಮುಚ್ಚುತ್ತಿವೆ. ಪೀಪಾಯಿಯ ಏಲನ್ನು ಉಳಿಸಲು 1971ರಲ್ಲಿ ಒಂದು ಚಳವಳಿಯೇ ಹುಟ್ಟಿತು. ಈಚೆಗೆ ಕೆಲವು ಊರಿನವರು ಪಾಲು ಹಾಕಿಕೊಂಡು, ಮುಚ್ಚಲಿದ್ದ ಪಬ್ಬನ್ನು ತಾವೇ ಕೊಂಡು ನಡೆಸುತ್ತಿದ್ದಾರೆ. ನಮ್ಮಲ್ಲಿ ಊರವರು ಸೇರಿ ಗುಡಿಯ ಜೀರ್ಣೋದ್ಧಾರ ಮಾಡುವುದಿಲ್ಲವೆ, ಹಾಗೆ.

ಜಿನನಾಥಪುರಕ್ಕೆ ಹೋಗಬಯಸುವವರು ಮುಂಜಾನೆಯೇ ಚಿಕ್ಕಬೆಟ್ಟವನ್ನು ಹತ್ತಿ, ಮಹಾನವಮಿ ಮಂಟಪದ ಶಾಸನವನ್ನು ನೋಡಿಕೊಂಡು, ಆಮೇಲೆ ಹಳ್ಳಿಗೆ ಇಳಿಯುವುದು ಮೇಲು. ಬಸದಿಯ ಗೋಡೆಗೆ ಒಂದು ಗಂಟೆಯಾದರೂ ಬೇಕು. ಬೆಳಗೊಳದಲ್ಲಿ ಜೈನರ ಪಂಕ್ತಿಯಲ್ಲಿ ಊಟಮಾಡುವ ಮನಸ್ಸಿದ್ದರೆ ಮಾತ್ರ ಹೊತ್ತಿನ ಮೇಲೆ ಕಣ್ಣಿರಲಿ; ಅಲ್ಲಿ ಸಂಜೆಯ ಎಲೆ ಹಾಕುವುದು ಸೂರ್ಯ ಮುಳುಗುವ ಮೊದಲೇ.