ಹೆಸರು ಒಂದು, ಗಿಡ ಹಲವು

ಪಹಣಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಎಷ್ಟು ಓಡಾಡಬೇಕು ಅನ್ನೋದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಜಮೀನು ಕಣ್ಣೆದುರಿಗೇ ಇರುತ್ತದೆ, ಕಾಗದದಲ್ಲಿ ಮಾತ್ರ ನಾವು ಇರುವುದಿಲ್ಲ. ಗಿಡಗಳಿಗೂ ಇಂಥ ಕಷ್ಟ ಬರುತ್ತದೆ. ಹೂಜಿ ಗಿಡದ ಕಥೆ ಅಂಥದ್ದು.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದರ ಚಿತ್ರ ನೋಡಿರುತ್ತೀರಿ. ಎಲೆಯ ತುದಿ ಬಳ್ಳಿಯಂತೆ ಉದ್ದ ಬೆಳೆದು, ಕೊನೆಯಲ್ಲಿ ಮುಚ್ಚಳವಿರುವ ಪುಟ್ಟ ಹೂಜಿಯಾಗುತ್ತದೆ. ಅಂಚಿನಲ್ಲಿ ಜಾರಿದ ಇರುವೆ, ನೊಣಗಳು ಒಳಗಿನ ನೀರಿಗೆ ಬಿದ್ದು ಗಿಡಕ್ಕೆ ಆಹಾರವಾಗುತ್ತವೆ. 1737ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ 'ನೆಪೆಂಥಿಸ್' ಎಂದು ಹೆಸರಿಟ್ಟರು. ಗ್ರೀಕ್ ಕಾವ್ಯದಲ್ಲಿ ಬರುವ, ದುಃಖ ಮರೆಸುವ ಮದ್ದಿನ ಹೆಸರದು.

ನೂರು ವರ್ಷದ ಮೇಲೆ, 1837ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿದ್ದ ಸ್ಪೇನಿನ ಪಾದ್ರಿ ಮ್ಯಾನುಯೆಲ್ ಬ್ಲಾಂಕೊ ಅಲ್ಲಿನ ಒಂದು ಹೂಜಿ ಗಿಡಕ್ಕೆ 'ನೆಪೆಂಥಿಸ್ ಅಲಾಟಾ' ಎಂದು ಹೆಸರು ಕೊಟ್ಟರು. ಆದರೆ ಆ ಗಿಡವನ್ನು ಒಣಗಿಸಿ ಮಾದರಿಯಾಗಿ ಇಡಲಿಲ್ಲ. ಮುಂದೆ ಬಂದವರಿಗೆ ಹೋಲಿಸಿ ನೋಡಲು ಏನೂ ಉಳಿಯಲಿಲ್ಲ. ಹಾಗಾಗಿ ದ್ವೀಪ ದ್ವೀಪಗಳ ಗಿಡಗಳೆಲ್ಲ ಅದೇ ಹೆಸರಿನ ಕೆಳಗೆ ಸೇರಿದವು. 1928ರಲ್ಲಿ ಡಚ್ ವಿಜ್ಞಾನಿ ಡಾನ್ಸರ್ ಸುಮಾತ್ರಾದ ಇನ್ನೊಂದು ಗಿಡವನ್ನೂ ಇದರಲ್ಲೇ ಸೇರಿಸಿದರು.

ಅವರನ್ನು ದೂರುವಂತಿಲ್ಲ. ಒಂದೇ ಗಿಡದಲ್ಲಿ ಬುಡದ ಹೂಜಿ ದಪ್ಪಗೆ, ಮೇಲಿನದು ಸಣ್ಣಗೆ ಉದ್ದಕ್ಕೆ ಇರುತ್ತದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅಕ್ಕಪಕ್ಕದ ಬಗೆಗಳು ಬೆರೆತು ಮಿಶ್ರತಳಿಯೂ ಹುಟ್ಟುತ್ತದೆ. ಕಾಗದದ ನಡುವೆ ಒತ್ತಿ ಒಣಗಿಸಿದರೆ ಬಣ್ಣ, ಆಕಾರ ಎರಡೂ ಹೋಗುತ್ತವೆ.

2013ರಲ್ಲಿ ಮಾರ್ಟಿನ್ ಚೀಕ್ ಮತ್ತು ಮ್ಯಾಥ್ಯೂ ಜೆಬ್ ಈ ಗಂಟನ್ನು ಬಿಚ್ಚಿದರು. ನಿಜವಾದ ಅಲಾಟಾ ಇರುವುದು ಲುಝಾನ್ ದ್ವೀಪದ ಉತ್ತರದಲ್ಲಿ ಮಾತ್ರ ಎಂದರು. ಉಳಿದವುಗಳಲ್ಲಿ ನಾಲ್ಕು ಹೊಸ ಪ್ರಭೇದಗಳನ್ನು ಹೆಸರಿಸಿದರು.

ಇದರಿಂದ ಏನಾಯಿತು ಅಂತೀರಾ? ಎಲ್ಲೆಡೆ ಇದೆ ಎಂದುಕೊಂಡ ಗಿಡದ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಅದು ಒಂದೆರಡು ಬೆಟ್ಟಗಳಲ್ಲಷ್ಟೇ ಇದೆ ಎಂದು ತಿಳಿದರೆ ಮಾತ್ರ ಕಾಪಾಡುವ ಮಾತು ಬರುತ್ತದೆ. ಕಾನೂನು ನೋಡುವುದೂ ಹೆಸರನ್ನೇ. ಭಾರತದಲ್ಲಿರುವ ಒಂದೇ ಹೂಜಿ ಗಿಡ, ಮೇಘಾಲಯದ 'ನೆಪೆಂಥಿಸ್ ಖಾಸಿಯಾನಾ', ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿ ಈ ಹೆಸರಿನಿಂದಲೇ ಇದೆ. ಕಾಡಿನಿಂದ ಕಿತ್ತು ವಿದೇಶಕ್ಕೆ ಮಾರುವಂತಿಲ್ಲ. ಅಲ್ಲಿನ ಗಾರೋ ಜನ ಅದನ್ನು 'ಮೆಮಾಂಗ್ ಕೊಕ್ಸಿ', ಅಂದರೆ ದೆವ್ವದ ಬುಟ್ಟಿ, ಎನ್ನುತ್ತಾರೆ.

ನಮ್ಮಲ್ಲೂ ಒಂದೇ ಸೊಪ್ಪಿಗೆ ಊರಿಗೊಂದು ಹೆಸರು, ಎರಡು ಸೊಪ್ಪಿಗೆ ಒಂದೇ ಹೆಸರು ಇರುವುದುಂಟು. ಅಜ್ಜಿ ಹೇಳಿದ ಹೆಸರನ್ನು ಬರೆದಿಡುವಾಗ, ಅದರ ಒಂದು ರೆಂಬೆಯನ್ನೂ ಒಣಗಿಸಿ ಹಾಳೆಯ ನಡುವೆ ಇಡಿ. ಎಲ್ಲಿ, ಯಾವಾಗ ಸಿಕ್ಕಿತು ಎಂದೂ ಬರೆಯಿರಿ. ಬ್ಲಾಂಕೊ ಇಷ್ಟು ಮಾಡಿದ್ದರೆ ಮುಂದಿನವರಿಗೆ ಅಷ್ಟು ಪರದಾಟ ಇರುತ್ತಿರಲಿಲ್ಲ.