ವೇಷವಿಲ್ಲದ ಪಾತ್ರ, ಚಿತ್ರವಿಲ್ಲದ ಆಟ

ಪರದೆಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ, ಸದ್ದೂ ಇಲ್ಲ. ಇರುವುದು ನಾಲ್ಕಾರು ಸಾಲು ಅಕ್ಷರ ಮಾತ್ರ. ಒಬ್ಬ ತಾನು ಕೋಟೆಯ ಕಾವಲುಗಾರ ಎಂದು ಬರೆಯುತ್ತಾನೆ. ಇನ್ನೊಬ್ಬ ತಾನು ವೇಷ ಮರೆಸಿಕೊಂಡು ಬಂದ ಗೂಢಚಾರ ಎನ್ನುತ್ತಾನೆ. ಮೊದಲನೆಯವನು ಬಾಗಿಲಲ್ಲಿ ತಡೆಯುತ್ತಾನೆ, ಎರಡನೆಯವನು ಮಾತಿನಲ್ಲೇ ನುಣುಚಿಕೊಳ್ಳುತ್ತಾನೆ. ಸಾಮಾಜಿಕ ಜಾಲತಾಣದ ಗುಂಪುಗಳಲ್ಲಿ ನಡೆಯುವ ಅಕ್ಷರದ ಪಾತ್ರಾಟದ ಬಗೆ ಇದು.

ಈ ಆಟಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟವದು. ಅದರ ಅಭಿಮಾನಿಯಾಗಿದ್ದ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್‌ಗೆ ಗವಿಗಳನ್ನು ಹೊಕ್ಕು ನೋಡುವ ಹವ್ಯಾಸವೂ ಇತ್ತು. ಕೆಂಟಕಿಯ ಮ್ಯಾಮತ್ ಗವಿಯನ್ನು ಆಧರಿಸಿ ಆತ ಅಕ್ಷರದಲ್ಲೇ ಆಡುವ ‘ಅಡ್ವೆಂಚರ್’ ಬರೆದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ. ಆದರೆ ಅಲ್ಲಿ ಆಟಗಾರ ಒಬ್ಬನೇ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಹಲವರು ಒಟ್ಟಿಗೆ ಆಡುವ ‘ಮಡ್’ ಆರಂಭಿಸಿದ. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಸಾಕಷ್ಟು ಅಂಕ ಗಳಿಸಿದ ಆಟಗಾರ ಅಲ್ಲಿ ‘ಮಾಂತ್ರಿಕ’ನಾಗಿ ಆಟದ ಉಸ್ತುವಾರಿಗೂ ಅಧಿಕಾರ ಪಡೆಯುತ್ತಿದ್ದ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು.

ಇದೆಲ್ಲ ಹೊರಗಿನಿಂದ ಬಂದದ್ದು ಎಂದುಕೊಳ್ಳುವ ಮುನ್ನ ನಮ್ಮ ತಾಳಮದ್ದಳೆಯನ್ನು ನೆನೆಯಬೇಕು. ಕರಾವಳಿ, ಮಲೆನಾಡು ಹಾಗೂ ಕಾಸರಗೋಡಿನ ಈ ಕಲೆಯಲ್ಲಿ ಕಿರೀಟವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಮಾಮೂಲಿ ಉಡುಪಿನಲ್ಲಿ ಎದುರುಬದುರು ಕೂರುತ್ತಾರೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಮಾತು ಮಾತ್ರ ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟುವಂಥದ್ದು. ವಾಲಿ ಸಾಯಲೇಬೇಕು, ಅದು ಕಥೆ. ಆದರೆ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಅವನು ಕೇಳಿದಾಗ ರಾಮ ನಿರುತ್ತರನಾಗುತ್ತಾನೋ ಇಲ್ಲವೋ ಎಂಬುದು ಆ ರಾತ್ರಿ ಕುಳಿತ ಇಬ್ಬರ ವಿದ್ಯೆಗೆ ಬಿಟ್ಟದ್ದು. ಎದುರಾಳಿಯ ಪ್ರಶ್ನೆಗೆ ಪಾತ್ರದ ಒಳಗಿನಿಂದಲೇ ಉತ್ತರ ಕೊಡಬೇಕು. ವಾದ ಅತಿಯಾದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಕಥೆಯನ್ನು ಮುಂದಕ್ಕೆ ಸಾಗಿಸುತ್ತಾರೆ. ‘ಮಡ್’ನ ಮಾಂತ್ರಿಕ ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯವರಿಗೆ ಪಾತ್ರದ ಹುಚ್ಚು ಬೇರೆ ಬಗೆಯಲ್ಲಿ ಪರಿಚಿತ. ಪೌರಾಣಿಕ ನಾಟಕಕ್ಕೆ ಊರಿನವರು ಕೈಯಿಂದ ಹಣ ಹಾಕಿ ಪಾತ್ರ ವಹಿಸುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ವೃತ್ತಗಳನ್ನು ಕಲಿಯುತ್ತಾರೆ. ಆದರೆ ಇಲ್ಲಿ ಮಾತು ಪುಸ್ತಕದ್ದು, ಬಾಯಿಪಾಠದ್ದು. ಆಡುವಾಗಲೇ ಮಾತು ಕಟ್ಟುವ ಕಂಪ್ಯೂಟರ್ ಆಟ ತಾಳಮದ್ದಳೆಗೇ ಹೆಚ್ಚು ಹತ್ತಿರ.

ಹಾಗೆ ಕಟ್ಟಿದ ಮಾತು ಉಳಿಯುತ್ತದೆಯೇ? ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲಿ ತಾಳಮದ್ದಳೆಗೆ ಭೂಮಿ ಬಿಟ್ಟ ಉಲ್ಲೇಖವಿದೆ ಎಂದು ವಿದ್ವಾಂಸರು ಹೇಳುತ್ತಾರೆ. ದಾನದ ಸುದ್ದಿ ಕಲ್ಲಿನಲ್ಲಿ ಉಳಿಯಿತು, ಅಂದು ಆಡಿದ ಮಾತು ಉಳಿಯಲಿಲ್ಲ. ಪ್ರಸಂಗದ ಪದ್ಯಗಳು ತಾಳೆಗರಿಯಿಂದ ಅಚ್ಚಿಗೆ ಬಂದವು. ಅರ್ಥ ಗಾಳಿಯಲ್ಲಿ ಹೋಯಿತು. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಮಾತುಗಾರಿಕೆ ಇಂದಿಗೂ ಕಿವಿಗೆ ಸಿಗುತ್ತಿದ್ದರೆ ಅದಕ್ಕೆ ಧ್ವನಿಮುದ್ರಣವೇ ಕಾರಣ.

ಅಕ್ಷರದಾಟದಲ್ಲಿ ಪ್ರತಿ ಮಾತೂ ಹುಟ್ಟುವಾಗಲೇ ಬರಹವಾಗಿರುತ್ತದೆ. ಹಾಗಾಗಿ ಅದು ಉಳಿದೇ ಉಳಿಯುತ್ತದೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಬರಹದ ಕಡತ ಇರುವುದು ಆಡಿದವರ ಬಳಿಯಲ್ಲ, ಕಂಪನಿಯ ಬಳಿ. ಭಾರತೀಯರು ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಕೆಲಕಾಲ ನೋಡಲು ಸಿಗುತ್ತಿದ್ದ ಅದರ ಸಮುದಾಯಗಳ ಸಂಗ್ರಹವೂ ಆಮೇಲೆ ಇಲ್ಲವಾಯಿತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಬಳಕೆದಾರರ ಪಾಲಿಗೆ ನಿಂತುಹೋಯಿತು. ಅಲ್ಲಿ ಕನ್ನಡದಲ್ಲಿ ಹರಟಿದವರ, ಕಥೆ ಕಟ್ಟಿದವರ ಸಾಲುಗಳೂ ಅದರೊಂದಿಗೇ ಹೋದವು.

ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಭಾಷೆ ಹೇಗೆ ವಾದಿಸಿತು, ಹೇಗೆ ಕೆಣಕಿತು, ಹೇಗೆ ನಕ್ಕಿತು ಎಂಬುದಕ್ಕೆ ಇಂಥ ಆಟಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ತಾಳಮದ್ದಳೆಯ ಕಟ್ಟೆಯೆದುರು ಟೇಪ್‌ರೆಕಾರ್ಡರ್ ಹಿಡಿದು ಕುಳಿತ ರಸಿಕರಿದ್ದರು. ಇಂದು ಆಡುವವರೇ ತಮ್ಮ ಆಟದ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಬಹುದು. ಖರ್ಚಿನ ಬಾಬಲ್ಲ, ನೆನಪಿರಬೇಕು ಅಷ್ಟೆ.