ಬಾಯಿ ಕಟ್ಟೋ ಪಥ್ಯದಿಂದ ಬಡಿಸೋ ಪಥ್ಯಕ್ಕೆ

ನಮ್ ಹಳೇಕೋಟೆ ಕಡೆ ಪಥ್ಯ ಅಂದ್ರೆ ಬಾಯಿ ಕಟ್ಟೋದು. ಜ್ವರಕ್ಕೂ ಗಂಜಿ, ಹೊಟ್ಟೆನೋವಿಗೂ ಗಂಜಿ. ಮನೇಲಿ ಯಾರಿಗಾದ್ರೂ ಮೇದೋಜೀರಕ ಗ್ರಂಥಿ ಕೆಟ್ಟಿದೆ ಅಂತ ಡಾಕ್ಟ್ರು ಹೇಳಿದ್ರೆ ಸಾಕು, ಒಗ್ಗರಣೆ ನಿಲ್ಲುತ್ತೆ, ಕಾಯಿ ನಿಲ್ಲುತ್ತೆ, ಮೊಟ್ಟೆ ನಿಲ್ಲುತ್ತೆ. ಆರು ತಿಂಗಳಲ್ಲಿ ಆಳು ಅರ್ಧ ಆಗಿರ್ತಾನೆ. ಕಾಯಿಲೆ ತಿಂದಾಕ್ತು ಅಂತೀವಿ. ಅದರಲ್ಲಿ ಒಂದಿಷ್ಟನ್ನ ನಮ್ಮ ಪಥ್ಯವೇ ತಿಂದಿರುತ್ತೆ.

ಹೆಸರಲ್ಲೇ ಗುಟ್ಟಿದೆ ನೋಡಿ. ಮೇದಸ್ಸು ಅಂದ್ರೆ ಕೊಬ್ಬು, ಅದನ್ನ ಜೀರ್ಣ ಮಾಡೋದು ಮೇದೋಜೀರಕ. 1840ರ ದಶಕದ ಕೊನೇಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಇದನ್ನೇ ಮೊಲದಲ್ಲಿ ಕಂಡರು. ಮೊಲಕ್ಕೆ ಪಿತ್ತದ ನಾಳ ಮೇಲಿರುತ್ತೆ, ಈ ಗ್ರಂಥಿಯ ನಾಳ ಕರುಳಲ್ಲಿ ಬಹಳ ಕೆಳಗೆ ತೆರೆಯುತ್ತೆ. ಕೊಬ್ಬು ತಿನ್ನಿಸಿ ನೋಡಿದ್ರೆ, ಆ ನಾಳ ಸೇರೋ ಜಾಗದಿಂದ ಕೆಳಕ್ಕೆ ಮಾತ್ರ ಕರುಳಿನ ಸಣ್ಣ ನಾಳಗಳು ಹಾಲಿನಂಗೆ ಬೆಳ್ಳಗಾಗಿದ್ವು. ಅಂದ್ರೆ ಕೊಬ್ಬು ಅರಗೋಕೆ ಈ ರಸ ಬೇಕೇಬೇಕು.

1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಗ್ರಂಥಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಸಿಕ್ತು. ಆಮೇಲೆ ಅಲ್ಲೇ ಇನ್ನೊಂದು ಗೊತ್ತಾಯ್ತು: ಗ್ರಂಥಿ ಇಲ್ಲದ ನಾಯಿಗಳು ಇನ್ಸುಲಿನ್ ಕೊಟ್ರೂ ಕ್ರಮೇಣ ಸೊರಗಿ ಸಾಯ್ತಿದ್ವು, ಹಸಿ ಗ್ರಂಥಿ ತಿನ್ನಿಸಿದ್ರೆ ಬದುಕ್ತಿದ್ವು. ಸಕ್ಕರೆ ಹಿಡಿತಕ್ಕೆ ಬಂದ್ರೆ ಸಾಲದು, ಊಟ ಮೈಗೆ ಹತ್ತಬೇಕು.

ನಮ್ ಪಕ್ಕದ ರಾಜ್ಯದ ಕಥೆ ಇನ್ನೂ ಹತ್ತಿರದ್ದು. 1959ರಲ್ಲಿ ಜುಯಿಡೆಮಾ ಅನ್ನೋರು ಇಂಡೋನೇಷ್ಯಾದ ಬಡವರಲ್ಲಿ ಗ್ರಂಥಿಯೊಳಗೆ ಕಲ್ಲು ಕಟ್ಟೋ ಕಾಯಿಲೆ ಬಗ್ಗೆ ಬರೆದ್ರು. ಕೇರಳದಲ್ಲಿ ಡಾ. ಗೀವರ್ಗೀಸ್ ಅಂಥ ರೋಗಿಗಳನ್ನ ವರ್ಷಗಟ್ಟಲೆ ನೋಡಿದ್ರು. ಬಡತನ, ಮರಗೆಣಸಿನ ಊಟ, ಒಣಗಿದ ಮೈ. ಹಂಗಾಗಿ ಮರಗೆಣಸಿನ ಮೇಲೇ ಅನುಮಾನ ಬಂತು. ಆದ್ರೆ ಅದನ್ನ ತಿನ್ನದವರಿಗೂ ಬಂತಲ್ಲ! 2002ರ ಹೊತ್ತಿಗೆ ಹೈದರಾಬಾದಿನ ಸಿಸಿಎಂಬಿಯವರು ಎಷ್ಟೋ ರೋಗಿಗಳಲ್ಲಿ ಸ್ಪಿಂಕ್-1 ಅನ್ನೋ ಜೀನ್‌ನ ದೋಷ ಕಂಡರು. ಸೊರಗಿದ್ದಕ್ಕೆ ಕಾಯಿಲೆ ಬಂತು ಅಂತ ತಿಳಿದಿದ್ದು, ಬಹಳ ಜನಕ್ಕೆ ಕಾಯಿಲೆ ಬಂದಿದ್ದಕ್ಕೇ ಸೊರಗಿದ್ದು ಅಂತ ತಿರುಗಿತು.

ಆಸ್ಪತ್ರೆಗಳ ಪಥ್ಯವೂ ತಿರುಗಿತು. ಗ್ರಂಥಿ ದಿಢೀರ್ ಊದಿಕೊಂಡ್ರೆ ಅದಕ್ಕೆ ವಿಶ್ರಾಂತಿ ಅಂತ ದಿನಗಟ್ಟಲೆ ಉಪವಾಸ ಇಡ್ತಿದ್ರು. 2018ರಲ್ಲಿ ಅಮೆರಿಕದ ಜಠರಕರುಳು ವೈದ್ಯರ ಸಂಘ, ರೋಗಿಗೆ ಒಗ್ಗೋದಾದ್ರೆ 24 ಗಂಟೆಯೊಳಗೇ ಬಾಯಿಂದ ಊಟ ಶುರು ಮಾಡಿ ಅಂತು.

ಹಳೇ ಕಾಯಿಲೆಯವರಿಗೆ ಈಗ ಹೇಳೋದು: ದೊಡ್ಡ ಎರಡು ಊಟದ ಬದಲು ಸಣ್ಣದು ಐದಾರು. ಬೇಳೆ, ಮೊಸರು, ಮೊಟ್ಟೆ, ಮೀನು ಧಾರಾಳ. ಎಣ್ಣೆ ಪೂರ್ತಿ ಬಿಡೋದಲ್ಲ, ಅರಗಿದಷ್ಟು. ಜಿಡ್ಡುಜಿಡ್ಡಾದ, ನೀರಲ್ಲಿ ತೇಲೋ ಮಲ ಹೋಗ್ತಿದ್ರೆ ಕೊಬ್ಬು ಅರಗ್ತಿಲ್ಲ ಅಂತ. ಅದಕ್ಕೆ ಕಿಣ್ವದ ಕ್ಯಾಪ್ಸೂಲ್ ಕೊಡ್ತಾರೆ. ಅದು ಕೆಲಸ ಮಾಡೋದು ಅನ್ನದ ಜೊತೆ ಹೊಟ್ಟೇಲಿ ಬೆರೆತ್ರೆ ಮಾತ್ರ. ಅದಕ್ಕೇ ಮೊದಲ ತುತ್ತಿನ ಜೊತೆ ನುಂಗಬೇಕು, ಉಂಡೆದ್ದು ಕೈ ತೊಳೆದ ಮೇಲಲ್ಲ. ಇದನ್ನ ಹಂದಿಯ ಗ್ರಂಥಿಯಿಂದ ತೆಗೀತಾರೆ. ಒಲ್ಲೆ ಅನ್ನೋರು ಸುಮ್ನೆ ಬಿಸಾಕದೆ ಡಾಕ್ಟ್ರಿಗೆ ಹೇಳೋದು ಮೇಲು. ನಾರು ವಿಪರೀತ ಆದ್ರೂ ಕಿಣ್ವದ ಕೆಲಸಕ್ಕೆ ಅಡ್ಡಿ, ಹಂಗಾಗಿ ಮುದ್ದೆ, ಸೊಪ್ಪಿನ ಬಸ್ಸಾರು ಎಷ್ಟು ಅಂತ ಅವರನ್ನೇ ಕೇಳಿ. ಹೆಂಡ, ಬೀಡಿ ಮಾತ್ರ ಪೂರ್ತಿ ಬಿಡಬೇಕು.

ತಿಂಗಳಿಗೊಂದ್ಸಲ ತೂಕ ನೋಡಿ. ಇಳೀತಿದ್ರೆ ತಟ್ಟೇಲಿರೋದನ್ನ ಇನ್ನೂ ಕಡಿಮೆ ಮಾಡಬೇಡಿ, ಆಸ್ಪತ್ರೆಗೆ ಕರ್ಕೊಂಡ್ ಹೋಗಿ.